ಅಂಗಾಲಿಗೊಂದು ಆಧಾರ

ಬೆಳಿಗ್ಗೆ ಹಾಸಿಗೆಯಿಂದಿಳಿದು ನೆಲಕ್ಕೂರುವ ಮೊದಲ ಹೆಜ್ಜೆಯನ್ನು ಸುಖವಾಗಿರುವವರು ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಿರಲಿಲ್ಲ, ಹಿಮ್ಮಡಿಯಲ್ಲಿ ಮುಳ್ಳು ಮುರಿದಂಥ ನೋವು ಕಾಣಿಸಿಕೊಳ್ಳುವವರೆಗೆ. ಇಳಕಲ್ಲಿನಲ್ಲಿ ಮನೆ ಮಾಡಿಕೊಂಡು ಹುನಗುಂದದ ಕೋರ್ಟಿನಲ್ಲಿ ವಕೀಲಿ ಮಾಡುವವನು ನಾನು; ನಮ್ಮ ವೃತ್ತಿ ಬುದ್ಧಿಯಿಲ್ಲದೆಯೂ ನಡೆದೀತು, ನಿಲ್ಲದೆ ನಡೆಯದು. ನೋವು ಹೆಚ್ಚಿದಂತೆ ನನ್ನ ವಾದಗಳು ಚಿಕ್ಕವಾಗತೊಡಗಿದವು. ಕಕ್ಷಿದಾರರು ಅದನ್ನು ಪ್ರೌಢಿಮೆಯೆಂದು ತಿಳಿದದ್ದು ನನ್ನ ಪೂರ್ವಪುಣ್ಯ.

ಬಾಗಲಕೋಟೆಯ ವೈದ್ಯರು ಬೂಟು ಮೆತ್ತಗಿರಲಿ, ಪಾದಕ್ಕೆ ಆಧಾರವೂ ಇರಲಿ ಎಂದರಂತೆ. ಹೆಂಡತಿಗೆ ಪೂರ್ತಿ ಕೇಳಿಸಿತ್ತು, ನನಗೆ ಮೊದಲರ್ಧ ಮಾತ್ರ. ಅಂದೇ ಅಲ್ಲಿನ ಅಂಗಡಿಯೊಂದರಲ್ಲಿ ಗಾದಿಯಂಥ ಅಟ್ಟೆಯ ಬೂಟು ಕೊಂಡೆ. ಅದರಿಂದ ಎರಡಂಗುಲ ಎತ್ತರವೂ ಬಂದಿತು, ಅದಕ್ಕೆ ತಕ್ಕಷ್ಟು ಗರ್ವವೂ. ಮೂರನೆಯ ದಿನ ಎದುರು ವಕೀಲರ ಮಾತಿಗೆ ಆಕ್ಷೇಪವೆತ್ತಲು ಚುರುಕಾಗಿ ಎದ್ದೆ. ಅಟ್ಟೆ ಒಳಬದಿಗೆ ಕುಸಿದು, ಪಾದ ಹೊರಳಿ, ಮೇಜಿನ ಕಾಗದಗಳ ಸಮೇತ ನೆಲಕ್ಕೆ ಬಂದೆ. ಎದುರು ವಕೀಲರು ಅದನ್ನು ಆಧಾರವಿಲ್ಲದ ಆಕ್ಷೇಪವೆಂದರು. ಮೊದಲ ಬಾರಿಗೆ ನನಗೂ ಅವರ ವಾದ ಒಪ್ಪಿಗೆಯಾಯಿತು.

ಇಳಕಲ್ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಯಲ್ಲಪ್ಪ ನನ್ನ ಓರಗೆಯವನು. ಅಷ್ಟರಲ್ಲಿ ನಾನು ಫೋನಿನ ವಿಡಿಯೊಗಳನ್ನು ನೋಡಿ ಪಾದಶಾಸ್ತ್ರದ ಪಂಡಿತನಾಗಿದ್ದೆನಾದ್ದರಿಂದ, ಅಟ್ಟೆಯ ನಕ್ಷೆಯನ್ನು ಕೈಯಾರೆ ಬರೆದು ಅವನಿಗೆ ಕೊಟ್ಟೆ. ಮರುಮಾತಿಲ್ಲದೆ ಹಾಗೆಯೇ ಮಾಡಿಕೊಟ್ಟ. ಎರಡು ದಿನ ಹಾಕಿಕೊಂಡು, ಮೂರನೆಯ ದಿನ ಇನ್ನಷ್ಟು ಕುಂಟುತ್ತ ಹೋದೆ.

"ಇದು ಕೂಡೂದಿಲ್ಲಂತ ಮೊದಲ ಹೇಳಬೇಕಿಲ್ಲೋ ಯಲ್ಲಪ್ಪ?"

"ವಕೀಲ್ರ ಮುಂದ ನಾ ಏನ್ ವಾದ ಮಾಡ್ಲಿರಿ?"

ಆಮೇಲೆ ಅವನು ನನ್ನ ಪಾದವನ್ನು ಒದ್ದೆ ಮಾಡಿಸಿ ಹಾಸುಗಲ್ಲಿನ ಮೇಲೆ ನಿಲ್ಲಿಸಿದ. ಮೂಡಿದ ಗುರುತನ್ನು ಬಗ್ಗಿ ನೋಡಿ ಹೇಳಿದ: "ನಿಮ್ಮ ಅಂಗಾಲಿಗೆ ಕಮಾನ ಇಲ್ರಿ, ಪೂರಾ ನೆಲಕ್ಕ ಹತ್ತೈತಿ. ಬರೇ ಮೆತ್ತಗಿದ್ರ ಕಾಲು ಒಳಗ ಹೊರಳತೈತಿ. ಕೆಳಗ ಗಟ್ಟಿ ಇರಬೇಕು, ನಡುವ ಎತ್ತಿ ಹಿಡೀಬೇಕು, ಹಿಂಬಡದ ಕೆಳಗಷ್ಟ ಮೆತ್ತಗ."

ಕೆಳಗೆ ಟೈರಿನ ರಬ್ಬರು, ನಡುವೆ ಒಳಬದಿಯನ್ನು ಎತ್ತುವ ಚರ್ಮದ ಮಡಿಕೆ, ಹಿಮ್ಮಡಿಗೆ ಸ್ಪಂಜಿನ ತುಂಡು: ಇಷ್ಟರಿಂದಲೇ ಕೆಲವು ವಾರಗಳಲ್ಲಿ ನನ್ನ ಬೆಳಗಿನ ಮೊದಲ ಹೆಜ್ಜೆ ಸಹ್ಯವಾಯಿತು. ಯಾರಲ್ಲಿ ಕಲಿತೆ ಎಂದು ಕೇಳಿದೆ.

"ನಮ್ಮಾಕಿ ಕಾಲಿನ ಮ್ಯಾಲೆ ಕಲಿತೇನ್ರಿ. ಐದು ಜೋಡು ಕೆಟ್ಟು, ಆರನೇದು ಕೂಡಿ ಬಂತು."

ಅವನ ಹೆಂಡತಿ ರೇಣವ್ವ ಪಾವರ್‌ಲೂಮ್ ಶೆಡ್ಡಿನಲ್ಲಿ ಎಳೆ ಹರಿದಲ್ಲಿ ಕೂಡಿಸುತ್ತ, ಸಿಮೆಂಟು ನೆಲದ ಮೇಲೆ ದಿನವಿಡೀ ನಿಲ್ಲುವವಳು. ಒಂದು ಸಂಜೆ ಆಕೆ ಕೆಲಸ ಮುಗಿಸಿ ಗಂಡನ ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಧನ್ಯವಾದ ಹೇಳಹೊರಟವನು ರೂಢಿಬಲದಿಂದ ಭಾಷಣವನ್ನೇ ಮಾಡಿದೆ. ಅವಳ ಗಂಡನ ವಿದ್ಯೆಯನ್ನು ಲೋಕಕ್ಕೆ ಸಾರುವ ಹೊಣೆಯನ್ನೂ ಹೊತ್ತುಕೊಂಡೆ. ಆಕೆ ಮರದ ಪೆಟ್ಟಿಗೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು.

"ಅಟ್ಟಿ ಚಲೋ ಐತ್ರಿ. ಮೊದಲ ನಾಕು ತಾಸಿಗೆ ನೋಯತಿದ್ದ ಕಾಲು ಈಗ ಆರು ತಾಸಿಗೆ ನೋಯತಾವು. ಕೆಲಸ ಒಂಬತ್ತು ತಾಸು ಐತಿ. ನಡುನಡುವ ಕುಂದ್ರಾಕ ಒಂದು ಸ್ಟೂಲ್ ಇದ್ದಿದ್ರ ಇವರು ಇಷ್ಟೆಲ್ಲಾ ಕೊರಕೊಂತ ಕುಂದ್ರೂದು ಇರಲಿಲ್ಲ."

ಯಲ್ಲಪ್ಪ ತಲೆ ತಗ್ಗಿಸಿ ಉಳಿಯನ್ನು ಮಸೆಯತೊಡಗಿದ. ನಾನು ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ಮಾಲಕರನ್ನ ಕೇಳಿಲ್ಲೇನವ್ವ?"

"ಕೇಳೇವ್ರಿ. ಕುಂತ್ರ ನಿದ್ದಿ ಬರತೈತಿ ಅಂದ್ರು."

ಮುಂದಿನ ವಾರ ಕರಿಕೋಟು ತೊಟ್ಟು, ಕಾನೂನಿನ ಕಲಮುಗಳನ್ನು ಗಟ್ಟಿ ಮಾಡಿಕೊಂಡು ಶೆಡ್ಡಿಗೆ ಹೋದೆ. ಅಲ್ಲಿದ್ದುದು ಒಂದೇ ಕುರ್ಚಿ, ಅದರಲ್ಲಿ ಮಾಲೀಕರು ಆಸೀನರಾಗಿದ್ದರು. ಮಗ್ಗಗಳ ಸದ್ದಿನಲ್ಲಿ ಅರ್ಧ ತಾಸು ನಿಂತು ವಾದಿಸಿದೆ. ಹಿಮ್ಮಡಿ ನೋಯಲಿಲ್ಲ; ಮಾಲೀಕರಿಗೂ ಏನೂ ನಾಟಲಿಲ್ಲ. ಆಗ ರೇಣವ್ವ ತನ್ನ ಮಗ್ಗವನ್ನು ನಿಲ್ಲಿಸಿ ಬಂದಳು. ಅವಳ ಕೆಲಸವೇ ಹೋದೀತೆಂದು ನಾನು ಕೈಬೀಸಿ ತಡೆಯಹೋದೆ. ಆಕೆಯ ದನಿ ಮಾತ್ರ ಏರಲಿಲ್ಲ.

"ಸಾಹುಕಾರ್ರ, ಒಂದು ತಾಸು ನೀವು ನಮ್ಮ ಜಾಗಾದಾಗ ನಿಂದರ್ರಿ. ನಾ ನಿಮ್ಮ ಕುರ್ಚಿ ಮ್ಯಾಲೆ ಕುಂತು, ನಿದ್ದಿ ಬರತೈತೇನು ನೋಡ್ತೇನಿ."

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮಗ್ಗ ನಿಲ್ಲಿಸಿದರು. ಶೆಡ್ಡು ಸ್ತಬ್ಧವಾಯಿತು. ಮಾಲೀಕರು ನಗಲು ನೋಡಿದರು, ಜೊತೆಗೆ ಯಾರೂ ನಗಲಿಲ್ಲ. "ಆತು, ನೋಡೂಣು," ಎಂದು ಕಿಟಕಿಯತ್ತ ಮುಖ ತಿರುಗಿಸಿದರು.

ನಾಲ್ಕನೆಯ ದಿನ ಎಂಟು ಹೆಂಗಸರಿಗೆಂದು ಮೂರು ಸ್ಟೂಲುಗಳು ಬಂದವು, ಸರದಿಯಂತೆ ಕೂರುತ್ತಾರೆ. ಕೋರ್ಟಿನ ಬಾರ್ ರೂಮಿನಲ್ಲಿ ನಾನಿದನ್ನು ನನ್ನ ವಾದದ ಫಲವೆಂದೇ ಹೇಳಿಕೊಂಡು ತಿರುಗುತ್ತಿದ್ದೇನೆ.

ಮೊನ್ನೆ ಯಲ್ಲಪ್ಪನ ಅಂಗಡಿಗೆ ಹೋದಾಗ, ಅವನ ಮುಂದೆ ಸ್ಟೂಲೊಂದು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಶೆಡ್ಡಿನ ನೆಲ ಏರುತಗ್ಗಂತೆ, ಸ್ಟೂಲು ಅಲುಗುತ್ತದಂತೆ. ಅವನು ಟೈರಿನ ರಬ್ಬರು ಕತ್ತರಿಸಿ ನಾಲ್ಕೂ ಕಾಲಿಗೆ ಅಟ್ಟೆ ಹೊಡೆಯುತ್ತಿದ್ದ. ರೇಣವ್ವ ಪಕ್ಕದಲ್ಲಿ ನಿಂತು, ಯಾವ ಕಾಲಿಗೆ ಎಷ್ಟು ದಪ್ಪವೆಂದು ಹೇಳುತ್ತಿದ್ದಳು.