ಗಾಗಲ್ಸ್ ತೊಡಿಸಿದ ಡಾಕ್ಟರಮ್ಮ

ಭಾನುವಾರ ಸಂಜೆ ಕಸದ ಡಬ್ಬಿ ಎಳೆದುಕೊಂಡು ರಸ್ತೆಯ ಅಂಚಿಗೆ ಬರುವಾಗ ಪಕ್ಕದ ಮನೆಯ ಡಾಕ್ಟರಮ್ಮನ ಮುಖದ ಮೇಲೆ ಒಂದು ದೊಡ್ಡ ಕೆಂಪು ಗೆರೆ ಇರುತ್ತಿತ್ತು. ಹಣೆಯ ಮೇಲಿಂದ ಹೊರಟು, ಕಣ್ಣಿನ ಪಕ್ಕದಲ್ಲಿ ಇಳಿದು, ಕೆನ್ನೆಯ ಮೂಳೆಯ ಮೇಲೆ ಹಾದು, ಮೂಗನ್ನು ಹತ್ತಿಳಿದು ಮತ್ತೆ ಹಣೆ ಸೇರುವ ಗೆರೆ. ಕಲಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ತೆಗೆದ ಹಾಗೆ. ಗೆರೆಯ ಹೊರಗೆ ಮುಖವೆಲ್ಲ ಧೂಳು, ಒಳಗೆ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ. ನರೆತ ಗುಂಗುರು ಕೂದಲಲ್ಲಿ ಒಂದೆರಡು ಒಣಹುಲ್ಲಿನ ಕಡ್ಡಿ.

ನಾವು ಫ್ರೀಮಾಂಟಿನ ಆ ಮನೆಗೆ ಬಂದ ಹೊಸತು. ಆಕೆ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು, ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಅರವತ್ತರ ಹತ್ತಿರದ ವಯಸ್ಸು, ಒಬ್ಬರೇ ಇರುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಈಜುವುದಕ್ಕೆ ಹೋಗುತ್ತಾರೆ, ಅದರ ಗುರುತು ಎಂದಳು ನನ್ನ ಹೆಂಡತಿ. ಈಜಿದವರ ತಲೆಯಲ್ಲಿ ಹುಲ್ಲು ಎಲ್ಲಿಂದ ಬರುತ್ತದೆ ಎಂದೆ ನಾನು. ಕೆಲವು ವಾರ ಇದೇ ನಮ್ಮ ಭಾನುವಾರದ ಚರ್ಚೆಯಾಗಿತ್ತು. ಕೊನೆಗೆ ತಡೆಯಲಾರದೆ ಒಂದು ಸಂಜೆ ಕೇಳಿಯೇಬಿಟ್ಟೆ.

"ಯುದ್ಧಕ್ಕೆ ಹೋಗಿದ್ದೆ ಮಾರಾಯ್ರೆ. ಬೇಗ ಸತ್ತುಹೋದೆ ಇವತ್ತು" ಎಂದು ಹೇಳಿ ಡಬ್ಬಿ ನಿಲ್ಲಿಸಿ ಒಳಗೆ ಹೋದರು.

ಮರುದಿನ ನಮ್ಮ ಮನೆಗೆ ಕಾಫಿಗೆ ಕರೆದಾಗ ವಿಷಯ ತಿಳಿಯಿತು. ಮಾರ್ಗನ್ ಹಿಲ್ ದಾಟಿ, ಬೆಟ್ಟದ ಬುಡದಲ್ಲಿ ಓಕ್ ಮರಗಳ ನಡುವೆ ಏರ್‌ಸಾಫ್ಟ್ ಆಡುವ ಒಂದು ಬಯಲಿದೆ. ನಿಜವಾದ ಬಂದೂಕಿನಂತೆಯೇ ಕಾಣುವ ಆಟದ ಬಂದೂಕು, ಕಾಳುಮೆಣಸಿಗಿಂತ ಚೂರು ದೊಡ್ಡದಾದ ಪ್ಲಾಸ್ಟಿಕ್ ಗುಂಡು, ಎರಡು ತಂಡ. ಗುಂಡು ತಾಗಿದವನು ತಾನಾಗಿ ಕೈ ಎತ್ತಿ, ಕೆಂಪು ಬಟ್ಟೆ ತಲೆಯ ಮೇಲೆ ಹಾಕಿಕೊಂಡು ಹೊರಗೆ ನಡೆಯಬೇಕು. ಹಿಂದೊಮ್ಮೆ ಆಕೆಯ ಹತ್ತಿರ ಒಬ್ಬ ರೋಗಿ ಬಂದಿದ್ದನಂತೆ. ಗಾಗಲ್ಸ್ ಹಾಕಿದ್ದರೂ ಗುಂಡಿನ ಚೂರು ಕಣ್ಣಿಗೆ ಬಿದ್ದಿತ್ತು. ಹಾಕಿದ್ದರೂ ಹೇಗೆ ಬಿತ್ತು ಎಂಬುದು ಆಕೆಗೆ ಅರ್ಥವಾಗಲಿಲ್ಲ. ನೋಡೋಣ ಎಂದು ಒಂದು ಭಾನುವಾರ ಆ ಬಯಲಿಗೆ ಹೋದರು. ಗಾಜಿನ ಬದಲು ತಂತಿಯ ಬಲೆಯಿದ್ದ ಗಾಗಲ್ಸ್ ಹಾಕಿಕೊಂಡವರನ್ನು ನೋಡಿದ ಮೇಲೆ ಕಾರಣ ತಿಳಿಯಿತು. ಅಗ್ಗದ ಗುಂಡು ಆ ತಂತಿಗೆ ಬಡಿದು ಒಡೆದರೆ ಚೂರು ಒಳಗೆ ನುಗ್ಗುತ್ತದೆ. ತಿಳಿದುಕೊಂಡು ಬಂದುಬಿಡಬಹುದಿತ್ತು. ಆದರೆ ಆಡುವವರಿಗೆ ಒಳಗಿನಿಂದ ಏನು ಕಾಣುತ್ತದೆ ಎಂದು ನೋಡದೆ ಬರುವುದು ಸರಿಯಲ್ಲ ಅನ್ನಿಸಿತಂತೆ. ಅಂದಿನಿಂದ ಹೋಗುತ್ತಲೇ ಇದ್ದಾರೆ.

ಅವರ ಸ್ವಭಾವವೇ ಹಾಗೆ. ಯಾರು ಏನು ಹೇಳಿದರೂ "ನೋಡಿದ್ದೀರಾ?" ಎಂದು ಕೇಳುತ್ತಿದ್ದರು. ಜಗಳಕ್ಕಲ್ಲ, ನಿಜವಾಗಿ ತಿಳಿಯುವುದಕ್ಕೆ. ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಮಾವಿನಹಣ್ಣು ಚೆನ್ನಾಗಿಲ್ಲ ಎಂದು ನನ್ನ ಹೆಂಡತಿ ಹೇಳಿದರೆ, ತಿಂದು ನೋಡಿದ್ದೀರಾ ಅಥವಾ ಮೂಸಿ ನೋಡಿದ್ದೀರಾ ಎಂಬ ಪ್ರಶ್ನೆ ಬರುತ್ತಿತ್ತು. ಹೊಸ ಗಾಗಲ್ಸ್ ತಂದರೆ ಮೊದಲು ಇಡ್ಲಿ ಪಾತ್ರೆಯ ಮುಂದೆ ಪರೀಕ್ಷೆ. ಅದನ್ನು ಹಾಕಿಕೊಂಡು, ಪಾತ್ರೆಯ ಮುಚ್ಚಳ ತೆಗೆದು, ಹಬೆಯಲ್ಲಿ ಮುಖವಿಟ್ಟು ನಿಲ್ಲುತ್ತಿದ್ದರು. ಗಾಜಿನ ಮೇಲೆ ಮಂಜು ಕವಿದರೆ ಅದು ವಾಪಸ್. ಮಂಜು ಕವಿದಾಗಲೇ ಜನ ಗಾಗಲ್ಸ್ ಎತ್ತಿ ಒರೆಸಿಕೊಳ್ಳುವುದು, ಕಣ್ಣು ಹೋಗುವುದು ಆಗಲೇ ಎನ್ನುತ್ತಿದ್ದರು. ಆ ಪರೀಕ್ಷೆ ಮುಗಿದ ಮೇಲೆ ಇಡ್ಲಿ ನಮ್ಮ ಮನೆಗೂ ಬರುತ್ತಿತ್ತು.

ನಾನು ಒಂದೆರಡು ಭಾನುವಾರ ಬರೀ ನೋಡುವುದಕ್ಕೆಂದು ಜೊತೆಗೆ ಹೋದೆ. ಬಯಲಿನ ಅಂಚಿಗೆ ಕಟ್ಟಿದ ಬಲೆಯ ಹಿಂದೆ ನಿಂತು, ಅವರು ಕೊಟ್ಟ ಗಾಗಲ್ಸ್‌ನಿಂದ, ಓಡುವವರನ್ನೂ ಮರದ ಹಿಂದೆ ಅಡಗಿದವರನ್ನೂ ನೋಡಿದೆ. ಡಾಕ್ಟರಮ್ಮ ಓಡುತ್ತಿರಲಿಲ್ಲ. ಒಂದು ಬಿದ್ದ ಮರದ ಹಿಂದೆ ಮಲಗಿಕೊಂಡು, ಎಷ್ಟು ಹೊತ್ತಾದರೂ ಅಲುಗಾಡದೆ, ಎದುರಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಹೊಡೆಯುತ್ತಿದ್ದರು. ನನಗೆ ಆಸೆಯಾಯಿತು. ಅದು ಎಂಥ ಆಸೆ ಎಂದು ಹೇಳಬೇಕಾದರೆ ಒಂದು ವಿಷಯ ಹೇಳಬೇಕು.

ನನಗೆ ಎಡಗಣ್ಣು ಕಾಣುವುದಿಲ್ಲ. ಮೈಸೂರಿನಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ಚಿನ್ನಿದಾಂಡು ಆಡುವಾಗ ಚಿನ್ನಿ ಹಾರಿ ಬಂದು ಬಡಿಯಿತು. ಊತ ಇಳಿಯಿತು, ಕಣ್ಣು ನೋಡುವುದಕ್ಕೆ ಮೊದಲಿನ ಹಾಗೇ ಉಳಿಯಿತು, ಹಿಂದಿನ ನರ ಮಾತ್ರ ಸತ್ತುಹೋಯಿತು. ಅಂದಿನಿಂದ ಅಮ್ಮ ನನ್ನನ್ನು ಯಾವ ಆಟಕ್ಕೂ ಬಿಡಲಿಲ್ಲ. ಕ್ರಿಕೆಟ್ಟು, ಬುಗುರಿ, ಕೊನೆಗೆ ದೀಪಾವಳಿಯ ಸುರುಸುರುಬತ್ತಿ ಕೂಡ ಇಲ್ಲ. ಬೆಳೆದ ಮೇಲೆ ಅಮ್ಮನ ಕೆಲಸವನ್ನು ನಾನೇ ವಹಿಸಿಕೊಂಡೆ. ಸಾಂಟಾ ಕ್ಲಾರಾದ ಆಫೀಸಿನಲ್ಲಿ ಕಂಪ್ಯೂಟರ್ ಚಿಪ್‌ಗಳ ತಪ್ಪು ಹುಡುಕುವ ಕೆಲಸ, ಸಂಜೆ ಮನೆ. ಹೆಂಡತಿಯನ್ನು ಬಿಟ್ಟರೆ ಇಲ್ಲಿ ಯಾರಿಗೂ ಈ ವಿಷಯ ಹೇಳಿರಲಿಲ್ಲ. ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದನ್ನು ನೋಡುವುದು ನನಗೆ ಬೇಡವಾಗಿತ್ತು. ಕಣ್ಣಿನ ಡಾಕ್ಟರಿಗಂತೂ ಹೇಳುವ ಹಾಗೇ ಇರಲಿಲ್ಲ. ಹೇಳಿದರೆ ಬೇಡ ಎನ್ನುವುದು ಖಂಡಿತ ಎಂದುಕೊಂಡಿದ್ದೆ.

ಹೆಂಡತಿಗೂ ತಿಳಿಸದೆ ಸಾಮಾನು ತರಿಸಿದೆ. ಎದೆಗೂ ಬೆನ್ನಿಗೂ ಹಲಗೆಯಂಥ ದಪ್ಪ ವೆಸ್ಟು, ಅದರ ಮೈತುಂಬ ಚೀಲಗಳು, ಹೆಗಲಿಗೆ ಮೆತ್ತೆ, ಕುತ್ತಿಗೆಯ ಸುತ್ತ ಎತ್ತರದ ಪಟ್ಟಿ. ಸಿನಿಮಾದ ಸೈನಿಕರನ್ನು ನೋಡಿ ಆರಿಸಿದ್ದು. ಅದನ್ನು ಹಾಕಿಕೊಂಡು ಡಾಕ್ಟರಮ್ಮನ ಮನೆಗೆ ಹೋದೆ. ಅವರು ನಗಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದರು. ನನ್ನ ಎಡಕ್ಕೆ ನಿಂತು, ಮೈ ತಿರುಗಿಸದೆ ತಮ್ಮನ್ನು ನೋಡಿ ಎಂದರು. ತಲೆ ತಿರುಗಿಸಿದೆ. ಗದ್ದ ಹೆಗಲಿನ ಮೆತ್ತೆಗೆ ತಾಗಿ ನಿಂತಿತು. ಅವರು ಕಾಣಲಿಲ್ಲ.

"ಇದು ನಿಮಗೆ ಬೇಡ" ಎಂದರು, ಅಷ್ಟೇ. ಏಕೆ ಎಂದು ಹೇಳಲಿಲ್ಲ.

ಆಮೇಲೆ ಗಾಗಲ್ಸ್. ತಮ್ಮ ಬಳಿಯಿದ್ದ ಒಂದನ್ನು ನನಗೆ ಕಟ್ಟಿ, ಬಟ್ಟೆ ಇಡುವ ಕ್ಲಾಸೆಟ್ಟಿನೊಳಗೆ ನಿಲ್ಲಿಸಿ, ತಾವೂ ಒಳಗೆ ಬಂದು ಬಾಗಿಲು ಹಾಕಿದರು. ಒಳಗೆ ಕತ್ತಲೆ, ನ್ಯಾಫ್ತಲೀನ್ ವಾಸನೆ. ಟಾರ್ಚು ಹಚ್ಚಿ ಅಂಚಿನ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋದರು. ಅಂಚು ಮುಖಕ್ಕೆ ಸರಿಯಾಗಿ ಕೂರದ ಕಡೆ ಬೆಳಕು ಒಳಗೆ ಸೋರುತ್ತದೆ, ಬೆಳಕು ಸೋರಿದಲ್ಲಿ ಗುಂಡಿನ ಚೂರೂ ಬರಬಹುದು. ಬಲಗಡೆ ಹಣೆಯ ಹತ್ತಿರ ಚೂರು ಬೆಳಕು ಕಂಡಿತು, ಹೇಳಿದೆ. ಪಟ್ಟಿ ಬಿಗಿ ಮಾಡಿದರು. ಎಡಗಡೆಗೆ ಬಂದರು.

"ಕಾಣ್ತದಾ?"

"ಇಲ್ಲ, ಈ ಕಡೆ ಪರ್ಫೆಕ್ಟಾಗಿದೆ" ಎಂದೆ.

ಅವರು ಮೆತ್ತಗೆ ಹೇಳಿದರು. "ನಾನು ಈಗ ಎಡಗಡೆ ಅಂಚನ್ನೇ ಎತ್ತಿ ಹಿಡಿದಿದ್ದೇನೆ. ಟಾರ್ಚು ಸೀದಾ ನಿಮ್ಮ ಕಣ್ಣಿಗೇ ಉಂಟು."

ಬಾಗಿಲು ತೆರೆದು ಇಬ್ಬರೂ ಮಂಚದ ಅಂಚಿನಲ್ಲಿ ಕುಳಿತೆವು. ಚಿನ್ನಿದಾಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮೊದಲ ದಿನ ಕಾಫಿ ಬಗ್ಗಿಸುವಾಗ ನಾನು ಲೋಟದ ಪಕ್ಕಕ್ಕೆ ಸುರಿದದ್ದು, ಯಾವಾಗಲೂ ಅವರನ್ನು ನನ್ನ ಬಲಕ್ಕೆ ಕೂರಿಸುವುದು, ಇವನ್ನೆಲ್ಲ ನೋಡಿ ಅವರಿಗೆ ಆಗಲೇ ಅನುಮಾನವಿತ್ತಂತೆ. ನಾನಾಗಿ ಹೇಳಲಿ ಎಂದು ಕಾದಿದ್ದರು. ಇನ್ನು ಆಟದ ಕಥೆ ಮುಗಿಯಿತು ಎಂದುಕೊಂಡು ಗಾಗಲ್ಸ್ ಬಿಚ್ಚಿ ಅವರ ಕೈಗೆ ಕೊಟ್ಟೆ.

ಅವರು ತೆಗೆದುಕೊಳ್ಳಲಿಲ್ಲ. ಎದ್ದು ನನ್ನ ಮುಂದೆ ನಿಂತು, ನಾನು ದಿನಾ ಹಾಕುವ ಕನ್ನಡಕವನ್ನು ನನ್ನ ಮೂಗಿನಿಂದ ತೆಗೆದು ಬೆರಳಿನಿಂದ ತಟ್ಟಿದರು. ಇದು ಒಡೆಯುವ ಜಾತಿಯದು ಎಂದರು. ಹಿತ್ತಲಿನಲ್ಲಿ ನಾನು ಹುಲ್ಲು ಕತ್ತರಿಸುವ ಮಷೀನು ಹಿಡಿದಾಗ ಕಲ್ಲು ಸಿಡಿದು ಬೇಲಿಗೆ ಬಡಿಯುವ ಸದ್ದನ್ನು ಕೇಳಿದ್ದರಂತೆ. "ಅಲ್ಲಿ ಬಯಲಲ್ಲಿ ಎಲ್ಲರೂ ಕಣ್ಣಿಗೆ ಗಾಗಲ್ಸ್ ಕಟ್ಟಿಕೊಂಡೇ ಬರುವುದು. ನೀವು ಹೆದರಬೇಕಾದ್ದು ನಿಮ್ಮ ಹಿತ್ತಲಿಗೆ. ಆಡುವುದೋ ಬೇಡವೋ ಆಮೇಲೆ ನೋಡುವ, ಮೊದಲು ಈ ಕನ್ನಡಕ ಬದಲಾಯಿಸಿ."

ಆಗ ವೆಸ್ಟಿನ ಕಾರಣವೂ ತಿಳಿಯಿತು. ಎರಡು ಕಣ್ಣಿರುವವನು ಎಡಕ್ಕೆ ಕಣ್ಣು ಹೊರಳಿಸಿದರೆ ಸಾಕು, ನಾನು ಕುತ್ತಿಗೆಯನ್ನೇ ತಿರುಗಿಸಬೇಕು. ಕುತ್ತಿಗೆಗೆ ಅಡ್ಡ ಬರುವುದೇನೂ ನನ್ನ ಮೈಮೇಲೆ ಇರಬಾರದು. ವೆಸ್ಟು ವಾಪಸ್ ಹೋಯಿತು. ಅದರ ಬದಲು ಸೊಂಟಕ್ಕೆ ಒಂದು ಅಗಲವಾದ ಬೆಲ್ಟು ಬಂತು. ಗುಂಡು ತುಂಬಿದ ಮ್ಯಾಗಝೀನುಗಳಿಗೆ ಅದರಲ್ಲಿ ಬಲಗಡೆಗೆ ಜಾಗ, ಬೆನ್ನ ಹಿಂದೆ ನೀರು. ಎಡಗಡೆ ಏನೂ ಬೇಡ, ಮರದ ಕೊಂಬೆಗೆ ಸಿಕ್ಕಿಕೊಂಡರೆ ನಿಮಗೆ ತಿಳಿಯುವುದಿಲ್ಲ ಎಂದರು. ಅವರ ಬೆಲ್ಟಿನಲ್ಲೂ ಹೆಚ್ಚೇನೂ ಇರುತ್ತಿರಲಿಲ್ಲ. ಬೇರೆಯವರು ಹೊಗೆಬಾಂಬು ಇಡುವ ಚೀಲದಲ್ಲಿ ಕಣ್ಣು ತೊಳೆಯುವ ನೀರಿನ ಸಣ್ಣ ಬಾಟಲಿ, ಅದರ ಪಕ್ಕದ ಚೀಲದಲ್ಲಿ ಕಡಲೆ ಮಿಠಾಯಿ.

ಇನ್ನು ಹೆಂಡತಿಗೆ ಹೇಳಬೇಕಿತ್ತು. ಹೇಳಿದಾಗ ಅವಳು ಸೀದಾ ಪಕ್ಕದ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

"ಡಾಕ್ಟ್ರೇ, ಇರೋದು ಒಂದೇ ಕಣ್ಣು. ಅದೂ ಹೋದ್ರೆ ಏನ್ಮಾಡ್ಲಿ?"

ಡಾಕ್ಟರಮ್ಮ ಏನೂ ಆಗುವುದಿಲ್ಲ ಎಂದು ಹೇಳಲಿಲ್ಲ. "ಏನೂ ಆಗುವುದಿಲ್ಲ ಅಂತ ನನಗೆ ಹೇಳ್ಲಿಕ್ಕೆ ಬರುವುದಿಲ್ಲ. ಇದನ್ನು ಹಾಕಿದ್ರೆ ಎಂತ ಆಗ್ತದೆ ಅಂತ ತೋರಿಸಬಹುದು. ನೋಡಿ ನೀವೇ ಹೇಳಿ" ಎಂದರು.

ಮುಂದಿನ ಭಾನುವಾರ ಮೂವರೂ ಎರಡು ಪಪಾಯಿ ಹಣ್ಣು ಹಿಡಿದುಕೊಂಡು ಮಾರ್ಗನ್ ಹಿಲ್‌ಗೆ ಹೋದೆವು. ಗುರಿ ಅಭ್ಯಾಸದ ಜಾಗದಲ್ಲಿ ಒಂದು ಹಣ್ಣನ್ನು ಬರಿದೇ ಇಟ್ಟರು, ಇನ್ನೊಂದಕ್ಕೆ ನನ್ನ ಗಾಗಲ್ಸನ್ನೇ ಕಟ್ಟಿದರು. ಬಂದೂಕನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಆಟದಲ್ಲಿ ಯಾರೂ ಹೊಡೆಯಬಾರದಷ್ಟು ಹತ್ತಿರ ನಿಲ್ಲಿಸಿದರು. ಅವಳು ಬರಿ ಹಣ್ಣಿಗೆ ಹೊಡೆದಳು. ಗುಂಡು ಸಿಪ್ಪೆ ಸೀಳಿ ಒಳಗೆ ಹೋಯಿತು. ಅವಳ ಮುಖ ಸಣ್ಣಗಾಯಿತು. ಆಮೇಲೆ ಗಾಗಲ್ಸಿಗೆ ಹೊಡೆದಳು. ಮತ್ತೆ ಹೊಡೆದಳು. ಪಕ್ಕಕ್ಕೆ ಸರಿದು ಓರೆಯಾಗಿ ಹೊಡೆದಳು, ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು ಹೊಡೆದಳು. ಮ್ಯಾಗಝೀನು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ಗಾಗಲ್ಸ್ ಬಿಚ್ಚಿ, ಹಣ್ಣನ್ನು ಎತ್ತಿ, ಹೆಬ್ಬೆರಳಿನಿಂದ ಸವರಿ ನೋಡಿದಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಹೊಡೆತ ತಿಂದ ಗಾಗಲ್ಸನ್ನು ಡಾಕ್ಟರಮ್ಮ ಬಿಸಾಡಿಸಿದರು, ಅಂಥದ್ದೇ ಹೊಸದನ್ನು ತರಿಸಿದರು. ಗಾಡಿಯಲ್ಲಿ ಬರುವಾಗ ಹೆಂಡತಿ ಮೂತಿಯನ್ನೂ ಹಲ್ಲನ್ನೂ ಮುಚ್ಚುವ ಮಾಸ್ಕ್ ಬೇರೆ ಬೇಕು ಎಂದಳು. ಅದೇ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಮೊದಲ ಆಟ ನೆನಪಿದೆ. ಡಾಕ್ಟರಮ್ಮ ನನ್ನ ಎಡಕ್ಕೆ, ಒಂದು ಪೊದೆಯ ಆಚೆ. ನಾನು ಓಕ್ ಮರಕ್ಕೆ ಒರಗಿ, ಕುತ್ತಿಗೆಯನ್ನು ಅತ್ತ ಇತ್ತ ತಿರುಗಿಸುತ್ತ, ನನ್ನ ಉಸಿರಿನ ಸದ್ದನ್ನು ಮಾಸ್ಕಿನೊಳಗೆ ಕೇಳುತ್ತ ನಿಂತಿದ್ದೆ. ಇದ್ದಕ್ಕಿದ್ದಂತೆ ಅವರು ಗಟ್ಟಿಯಾಗಿ ಕೂಗಿದರು. "ಬ್ಲೈಂಡ್ ಮ್ಯಾನ್!" ಬಯಲಿನ ತುಂಬ ಬೇರೆಯವರೂ ಅದನ್ನೇ ಕೂಗತೊಡಗಿದರು. ಕುರುಡ, ಕುರುಡ. ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, ಈಗ ನನ್ನನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಳು ಬಂತು.

ಆದರೆ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಬಂದೂಕು ಕೆಳಗಿಳಿಸಿ ಇದ್ದಲ್ಲೇ ನಿಂತಿದ್ದರು. ಹಳ್ಳದ ಪಕ್ಕ ಎತ್ತರದ ಆಳೊಬ್ಬ ಅಂಗೈಗಳಲ್ಲಿ ಕಣ್ಣು ಮುಚ್ಚಿಕೊಂಡು ಬೋರಲು ಮಲಗಿದ್ದ. ಜಾರಿ ಬಿದ್ದು ಅವನ ಗಾಗಲ್ಸ್ ಕಿತ್ತುಬಂದಿತ್ತು. ಡಾಕ್ಟರಮ್ಮ ಹೋಗಿ, ಅವನ ಮುಖಕ್ಕೆ ತಮ್ಮ ಮೈ ಅಡ್ಡ ಮಾಡಿ ಕುಳಿತು, ಅದನ್ನು ಹುಡುಕಿ ಕಟ್ಟಿದರು. ಯಾರ ಕಣ್ಣಾದರೂ ಬಯಲಲ್ಲಿ ಬರಿದಾದರೆ ಹಾಗೆ ಕೂಗಬೇಕು, ಕೇಳಿದವರೆಲ್ಲ ಆಟ ನಿಲ್ಲಿಸಬೇಕು. ಅದು ಅಲ್ಲಿಯ ನಿಯಮ. ನನಗೆ ಹೇಳುವುದಕ್ಕೆ ಅವರು ಮರೆತಿದ್ದರು. ಊಟದ ಹೊತ್ತಿಗೆ ನಾನು ಅಂದುಕೊಂಡದ್ದನ್ನು ಹೇಳಿದಾಗ, ಕಡಲೆ ಮಿಠಾಯಿ ಮುರಿದು ಅರ್ಧ ನನಗೆ ಕೊಟ್ಟರು. "ಒಬ್ಬನ ಕಣ್ಣಿಗೆ ಇಷ್ಟು ಜನ ನಿಂತರಲ್ಲ, ಅದನ್ನು ನೋಡಿದಿರಾ?" ಎಂದು ಕೇಳಿದರು. ನೋಡಿದ್ದೆ.

ಅದಾದ ಮೇಲೆ ಕೆಲವು ವರ್ಷ ನಾವಿಬ್ಬರೂ ಜೊತೆಯಲ್ಲೇ ಹೋದೆವು. ಅವರು ನನ್ನ ಎಡಕ್ಕೆ. ಹೊಸದಾಗಿ ಬಂದವರು ಯಾರಾದರೂ ಬೆನ್ನು ಬಾಗುವಷ್ಟು ಸಾಮಾನು ಹೇರಿಕೊಂಡಿದ್ದರೆ ಅವರ ಸುತ್ತ ಒಂದು ಸುತ್ತು ಬಂದು ಪ್ರಶ್ನೆ ಶುರು ಮಾಡುತ್ತಿದ್ದರು.

ಆಮೇಲೆ ಅವರಿಗೆ ಕಾಯಿಲೆ ಬಂತು. ಹೊಟ್ಟೆಯಲ್ಲಿ ಶುರುವಾದದ್ದು ಗೊತ್ತಾಗುವ ಹೊತ್ತಿಗೆ ಹರಡಿತ್ತು. ಆಸ್ಪತ್ರೆ ಬೇಡ ಎಂದು ಮನೆಗೇ ಬಂದರು. ಮಂಗಳೂರಿನಿಂದ ಅವರ ತಂಗಿ ಬಂದು ಜೊತೆಗಿದ್ದರು. ನಾವು ದಿನಾ ಸಂಜೆ ಹೋಗಿ ಕೂರುತ್ತಿದ್ದೆವು. ಒಂದು ಸಂಜೆ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದವರು ಕೇಳಿದರು.

"ನಿಮಗೆ ಎಡಗಡೆ ಎಂತ ಕಾಣ್ತದೆ? ಕಪ್ಪಾ?"

ಇಷ್ಟು ವರ್ಷದಲ್ಲಿ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಪ್ಪಲ್ಲ ಎಂದೆ. ಮತ್ತೇನು ಎಂದರು. ನಮ್ಮ ತಲೆಯ ಹಿಂದೆ ಏನು ಕಾಣುತ್ತದೆ ಹೇಳಿ, ಹಾಗೆ ಎಂದೆ. ಅಲ್ಲಿ ಕತ್ತಲೆಯೂ ಇಲ್ಲ, ಬೆಳಕೂ ಇಲ್ಲ, ಜಾಗವೇ ಇಲ್ಲ.

ಅವರು ತಮ್ಮ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು. "ನನಗೆ ಕಪ್ಪೇ ಕಾಣ್ತದೆ. ಮುಚ್ಚಿದ್ರೆ ಆಗುವುದಿಲ್ಲ ಅದು" ಎಂದರು. ಕೈ ತೆಗೆದು, ಹಿಂದಕ್ಕೆ ಒರಗಿ, ತಲೆಯ ಹಿಂದೆ ಏನು ಕಾಣುತ್ತದೆ ಎಂದು ನೋಡುವವರಂತೆ ಸೂರು ದಿಟ್ಟಿಸಿದರು. ಅವರ ಮುಖದಲ್ಲಿ ನೋವಿರಲಿಲ್ಲ, ಹೊಸ ಗಾಗಲ್ಸ್ ಕೈಗೆ ಬಂದಾಗ ಇರುತ್ತಿದ್ದ ಮುಖ. ಜೀವಮಾನವೆಲ್ಲ ರೋಗಿಗಳ ಹತ್ತಿರ ಎಷ್ಟು ಕಾಣುತ್ತದೆ ಎಂದು ಕೇಳಿದೆ, ಕಾಣದೆ ಇರುವುದು ಹೇಗಿರುತ್ತದೆ ಎಂದು ಕೇಳಲಿಲ್ಲವಲ್ಲ ಎಂದರು.

ಆ ವಾರವೇ ತೀರಿಕೊಂಡರು.

ಆ ಕಣ್ಣಿಗಾಗಿ ಅಮ್ಮ ಅತ್ತಿದ್ದಳು, ಹೆಂಡತಿ ಹೆದರಿದ್ದಳು, ತಿಳಿದ ಒಬ್ಬಿಬ್ಬರು ಅಯ್ಯೋ ಅಂದಿದ್ದರು. ಅದು ಹೇಗಿರುತ್ತದೆ ಎಂದು ಕೇಳಿದವರು ಅವರೊಬ್ಬರೇ.