ಟೀಚರ್ ಕೌಂಟರಿನ ಮೇಲೆ ಬಿಚ್ಚಿದ ಕಂಪ್ಯೂಟರ್

ಪೊನ್ನಂಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಟೀಚರ್, ಬಿಡಿಭಾಗ ತರಿಸಿ ತಮ್ಮ ಕಂಪ್ಯೂಟರನ್ನು ತಾವೇ ಜೋಡಿಸಿಕೊಂಡಿದ್ದರು. ಯಾರೇನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ನೋಡಿ ಹೇಳ್ತಿದ್ದೀರೋ, ನೋಡ್ದೆ ಹೇಳ್ತಿದ್ದೀರೋ?" ಎಂದು ಕೇಳುವುದು ಅವರ ರೂಢಿ.

ಒಂದು ಭಾನುವಾರ ಅವರು ಪ್ರೊಸೆಸರಿನ ಬಿಸಿ ತಗ್ಗಿಸಲು ಫ್ಯಾನಿರುವ ದೊಡ್ಡದೊಂದು ಹೊಸ ಕೂಲರ್ ಕೂರಿಸಿದರು. ಫ್ಯಾನ್ ತಿರುಗಿತು, ಪರದೆ ಬೆಳಗಲಿಲ್ಲ. ವರ್ಷವಿಡೀ ಬರೆದಿಟ್ಟ ಪಾಠಗಳೆಲ್ಲ ಅದರೊಳಗಿದ್ದವು. ಕೂಲರನ್ನು ಮೂರು ಸಲ ಬಿಚ್ಚಿ ಹಾಕಿದರೂ ಪ್ರಯೋಜನವಾಗಲಿಲ್ಲ. ಮರುದಿನ ನಾನೂ ಅವರೂ ಅದನ್ನು ವಿರಾಜಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು.

ಅಂಗಡಿಯವನು ಮುಚ್ಚಳವನ್ನೂ ತೆಗೆಯಲಿಲ್ಲ. ಟೀಚರ್ ಎದುರಿಗೇ ಇದ್ದರೂ ನನ್ನನ್ನೇ ನೋಡಿ, "ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು. ಲೇಡೀಸಿಗೆ ಇದೆಲ್ಲ ಯಾಕೆ ಸಾರ್?" ಎಂದ.

ಟೀಚರ್ ಅವನದೇ ಸ್ಕ್ರೂಡ್ರೈವರ್ ಎತ್ತಿಕೊಂಡು ಅಲ್ಲೇ ಬಿಚ್ಚಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದೊಂದೇ ಭಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕೂಲರಿನ ಅಂಚು ತಾಗಿ, ಪಕ್ಕದ ಮೆಮೊರಿಯ ರ‍್ಯಾಮ್ ಪಟ್ಟಿಯ ಒಂದು ತುದಿ ಉಗುರಿನಷ್ಟು ಮೇಲೆದ್ದಿತ್ತು. ಕೂಲರಿನ ಫ್ಯಾನನ್ನು ಸರಿಸಿ, ಟಕ್ಕೆನ್ನುವವರೆಗೆ ಪಟ್ಟಿಯನ್ನು ಒತ್ತಿ ಕೂರಿಸಿದರು. ಅಂಗಡಿಯ ಪರದೆಗೆ ಜೋಡಿಸಿ ಸ್ವಿಚ್ ಹಾಕಿದರು, ಪರದೆ ಬೆಳಗಿತು.

"ನಿಮ್ಮ ಲಕ್ ಮೇಡಂ," ಅಂಗಡಿಯವನು ನಕ್ಕ.

ಟೀಚರ್ ಮುಖ ಕೆಂಪಾಯಿತು. ಕಂಪ್ಯೂಟರ್ ಆರಿಸಿ, ಪಟ್ಟಿಯನ್ನು ಕಿತ್ತು ಅವನ ಕೈಗಿಟ್ಟರು. "ಲಕ್ ಅಲ್ವಾ? ಈಗ ನೀವು ಹಾಕಿ. ನಾನು ನೋಡ್ತೀನಿ."

ಅವನು ಮೊದಲು ತಿರುಗುಮುರುಗಾಗಿ ಹಿಡಿದ. ಅವರು ತಿದ್ದಲಿಲ್ಲ, ಅವನೇ ತಿರುಗಿಸಿ ಕೂರಿಸುವವರೆಗೆ ಕಾದರು.

ವಾಪಸು ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ನನಗೆ ಕೊಡದೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಅವನು ಲೇಡೀಸಿಗೆ ಯಾಕೆ ಅಂದಾಗ ನೀವ್ಯಾಕೆ ತಲೆ ಆಡಿಸಿದ್ರಿ?"