ಇಂಬಳ ಕಚ್ಚಿದರೂ ತುರಿಸದ ಕಾಲು

ನಮ್ಮ ವಂಶದಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಹಾನುಬಾಳಿನಾಚೆಯ ಎಸ್ಟೇಟಿನ ಕೂಲಿಗಳ ಲೈನ್‌ಮನೆಯಲ್ಲಿ ಬೆಳೆದು, ಅವ್ವನ ಕೂಲಿಯಲ್ಲಿ ಓದಿ, ಆಲೂರಿನಲ್ಲಿ ಗುಮಾಸ್ತನಾದವನು.

ಮಳೆಗಾಲದಲ್ಲಿ ತೋಟದ ಕಳೆ ತೆಗೆಯುವ ಹೆಂಗಸರು ಇಂಬಳ, ಅಂದರೆ ಜಿಗಣೆ, ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಳ್ಳುತ್ತಿದ್ದರು. ಒಂದು ವರ್ಷ ಅವ್ವ ಅದನ್ನು ಬಿಟ್ಟೇಬಿಟ್ಟಳು. ಇಂಬಳ ರಕ್ತ ಕುಡಿದು ಉದುರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ತುರಿಕೆಯೂ ಇಲ್ಲ.

“ಏನಕ್ಕ, ಇಂಬಳ ಸಾಕ್ಕಂಡಿದೀಯಾ? ಹಿಮ್ಮಡೀಲಿ ಒಂದು ಊದ್ಕಂಡು ಕುಂತೈತೆ!” ಎಂದು ಪಕ್ಕದ ಮನೆಯಾಕೆ ಕೆಣಕುತ್ತಿದ್ದಳು.

“ನಿನ್ನಂಗೆ ನಾಜೂಕಿನ ಚರ್ಮ ಅಲ್ಲ ಕಣೇ ನಂದು,” ಎಂದು ಅವ್ವ ಬೀಗುತ್ತಿದ್ದಳು. ಇಡೀ ಲೈನಿಗೆ ಅದೊಂದು ತಮಾಷೆ.

ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಅವಳ ಕಾಲು ಸೋಲತೊಡಗಿತು. ಸುಸ್ತೆಂದು ಲೈನಿನ ಹೆಂಗಸರು ಎಣ್ಣೆ ತಿಕ್ಕಿದರು. ಒಂದು ಸಂಜೆ ಚಪ್ಪಲಿ ಎಲ್ಲೋ ಕಳಚಿದ್ದು ಗೊತ್ತಾಗದೆ ಬರಿಗಾಲಲ್ಲಿ ಬಂದಳು. ಮೂತ್ರವೂ ಕಟ್ಟಿಕೊಂಡಿತು. ದೋಣಿಗಲ್ ದಾಟಿ, ಘಾಟಿ ಇಳಿದು, ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಸ್ಕ್ಯಾನ್ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ ಅರ್ಥ ಮಾಡಿಕೊಂಡೆ. ಬೆನ್ನುಹುರಿಯ ಬಳಿ ರಕ್ತನಾಳಗಳು ಕೂಡಬಾರದ ಕಡೆ ಕೂಡಿಕೊಂಡು, ಉಬ್ಬಿ, ಹುರಿಯನ್ನು ಒತ್ತುತ್ತಿದ್ದವು. ಬೆನ್ನು ತೆರೆದು, ಮೂಳೆ ಸರಿಸಿ, ಆ ಕೂಡಿಕೆಯನ್ನು ಮುಚ್ಚಬೇಕು. ರೋಗ ಮುಂದುವರಿಯದಂತೆ ತಡೆಯಬಹುದು, ಹೋದ ಶಕ್ತಿ ಎಷ್ಟು ಮರಳುತ್ತದೋ ಹೇಳಲಾಗದು ಎಂದರು. ಕಾಲು ಯಾವಾಗಿನಿಂದ ಮರಗಟ್ಟಿದೆ ಎಂದು ಕೇಳಿದರು. ಮಳೆಗಾಲದಿಂದ ಎಂದು, ಇಂಬಳದ ತಮಾಷೆಯನ್ನೂ ಹೇಳಿದೆ. ನಮ್ಮಲ್ಲಿ ಒಬ್ಬರಾದರೂ ನಗುವ ಬದಲು ಆಗಲೇ ಹೆದರಿದ್ದರೆ!

ಎಲ್ಲವನ್ನೂ ಕನ್ನಡದಲ್ಲಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: “ಗುಡ್ಡ ಹತ್ತಾಕಾಗುತ್ತಾ? ಅದನ್ನ ಕೇಳ್ಕಂಡು ಬಾರ್ಲಾ.”

ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಮೂತ್ರದ ತೊಂದರೆ ಕಡಿಮೆಯಾಯಿತು. ತಿಂಗಳುಗಳ ಮೇಲೆ ಕೋಲು ಹಿಡಿದು ನಡೆದಳು, ಆದರೆ ಸಮತಟ್ಟಿನಲ್ಲಿ ಮಾತ್ರ. ಇಳಿಜಾರಿನಲ್ಲಿ ಪಾದ ಎಲ್ಲಿ ಊರಿತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಸ್ಟೇಟೆಂದರೆ ಬರೀ ಇಳಿಜಾರು. ಆಲೂರಿನ ನನ್ನ ಬಾಡಿಗೆ ಮನೆಗೆ ಕರೆತಂದೆ.

ಮುಂದಿನ ಕುಯ್ಲಿನ ಕಾಲಕ್ಕೆ ಪಕ್ಕದ ಮನೆಯಾಕೆ ನೋಡಲು ಬಂದಳು. “ಬಾರಕ್ಕ, ಹಣ್ಣು ಕೆಂಪಾಗೈತೆ. ನೀನಿಲ್ದೆ ನಮ್ಮನ್ನ ಬೈಯೋರೇ ಇಲ್ಲ.”

“ಬತ್ತೀನಿ ಕಣೇ, ಕಾಲಿಗೊಂಚೂರು ಬಲ ಬರಲಿ,” ಎಂದಳು ಅವ್ವ. ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಸಂಜೆ ಆಕೆಯನ್ನು ಕಳಿಸಲು ಅವ್ವ ಕೋಲೂರಿಕೊಂಡು ಹೊರಟಳು. ಬಸ್‌ಸ್ಟ್ಯಾಂಡಿಗೆ ರಸ್ತೆ ಇಳಿಯತೊಡಗುವಲ್ಲಿ ನಿಂತಳು. ಆಕೆ ಮರೆಯಾದ ಮೇಲೂ ಅಲ್ಲೇ ನಿಂತಿದ್ದಳು.